ಉಂಗುರ ಬಿಚ್ಚಿ ಸರಪಳಿಯಾಗುವ ಬಗೆ
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಆಮಂತ್ರಣ ಪತ್ರಿಕೆಯಲ್ಲಿ ನನ್ನ ವಿಷಯದ ಹೆಸರು ಓದಿ ಹಲವರು ನಕ್ಕರೆಂದು ಕೇಳಿದೆ. ‘ಚಕ್ರೀಯ ಈಥರುಗಳ ಧನ-ಅಯಾನಿಕ ಉಂಗುರ-ಬಿಚ್ಚುವ ಸಹಪಾಲಿಮರೀಕರಣದ ವೇಗ’. ನಗು ಬರುವಂಥದ್ದೇ. ಉರ್ದು, ಕನ್ನಡ ಪಾಠ ಹೇಳುವವರಿಗೆ ಇದರ ಗೊಡವೆ ಏಕೆ ಎಂದು ನೀವು ಕೇಳಬಹುದು. ಪದವಿಯಲ್ಲಿ ರಸಾಯನಶಾಸ್ತ್ರ ಓದಿದ್ದೆ ಎಂಬುದು ಸಣ್ಣ ಕಾರಣ. ದೊಡ್ಡ ಕಾರಣ ಬೇರೆ ಇದೆ. ನಮ್ಮ ಶಾಲೆಯಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ ಎಷ್ಟೋ ಹುಡುಗರು ಪ್ಲಾಸ್ಟಿಕ್ ಮೋಲ್ಡಿಂಗ್ ಯಂತ್ರಗಳ ಮುಂದೆ ಕೆಲಸ ಮಾಡುತ್ತಿದ್ದಾರೆ. ಈ ಉದ್ದದ ಹೆಸರಿನ ಕ್ರಿಯೆಯಿಂದ ಹುಟ್ಟಿದ ವಸ್ತು ಅವರ ಕೈಯಲ್ಲಿ ದಿನವೂ ಓಡಾಡುತ್ತದೆ. ಅದರ ಚೀಲದ ಮೇಲಿನ ಎಚ್ಚರಿಕೆ ಇಂಗ್ಲಿಷಿನಲ್ಲಿರುತ್ತದೆ. ಓದಿದರೂ ‘ಹೀಗೆ ಮಾಡಬೇಡಿ’ ಎಂದಷ್ಟೇ ಇರುತ್ತದೆ, ಏಕೆ ಎಂದು ಇರುವುದಿಲ್ಲ. ಆ ‘ಏಕೆ’ಯನ್ನು ಇಂದು ಕನ್ನಡದಲ್ಲಿ ಹೇಳುವುದು ನನ್ನ ಉದ್ದೇಶ.

ಉದ್ದದ ಸಮಾಸ ಬಂದಾಗ ತರಗತಿಯಲ್ಲಿ ನಾವು ಏನು ಮಾಡುತ್ತೇವೆ? ವಿಗ್ರಹವಾಕ್ಯ ಬಿಡಿಸುತ್ತೇವೆ. ಇಲ್ಲೂ ಹಾಗೆಯೇ ಮಾಡೋಣ.

ಮೊದಲು ‘ಉಂಗುರ’. ಇಂಗಾಲದ ಪರಮಾಣುಗಳು, ನಡುವೆ ಒಂದು ಆಮ್ಲಜನಕ, ಎಲ್ಲ ಸೇರಿ ಕೈಕೈ ಹಿಡಿದು ದುಂಡಗೆ ನಿಂತರೆ ಅದು ಚಕ್ರೀಯ ಈಥರ್. ಮೂರು ಪರಮಾಣುಗಳ ಉಂಗುರ ಎಥಿಲೀನ್ ಆಕ್ಸೈಡ್. ನಾಲ್ಕರದ್ದು ಆಕ್ಸಿಟೇನ್. ಐದರದ್ದು ಟೆಟ್ರಾಹೈಡ್ರೋಫ್ಯುರಾನ್, ಪ್ರಯೋಗಾಲಯದವರು ಚಿಕ್ಕದಾಗಿ ಟಿ.ಎಚ್.ಎಫ್. ಎನ್ನುತ್ತಾರೆ. ಉರ್ದುವಿನಲ್ಲಿ ಉಂಗುರದಂಥ ವೃತ್ತಕ್ಕೆ ‘ಹಲ್ಕಾ’ ಎನ್ನುತ್ತೇವೆ. ಜಂಜೀರಿನ ಒಂದೊಂದು ಕೊಂಡಿಗೂ ‘ಹಲ್ಕಾ’ ಎಂದೇ ಹೆಸರು. ಉಂಗುರಕ್ಕೂ ಸರಪಳಿಯ ಕೊಂಡಿಗೂ ಒಂದೇ ಪದ! ಈ ರಸಾಯನಶಾಸ್ತ್ರವನ್ನು ಕಲಿಸಲು ಇದಕ್ಕಿಂತ ಅನುಕೂಲವಾದ ಪದ ಬೇರೆ ಭಾಷೆಯಲ್ಲಿ ನನಗೆ ಸಿಕ್ಕಿಲ್ಲ. ಒಂದು ವ್ಯತ್ಯಾಸ ಮಾತ್ರ ನೆನಪಿಡಿ. ಕಬ್ಬಿಣದ ಸರಪಳಿಯಲ್ಲಿ ಕೊಂಡಿ ದುಂಡಾಗಿಯೇ ಉಳಿಯುತ್ತದೆ. ಇಲ್ಲಿ ಉಂಗುರ ಬಿಚ್ಚಿ ನೆಟ್ಟಗಾಗಿ, ಮುಂದಿನ ಉಂಗುರದ ಕೈ ಹಿಡಿಯುತ್ತದೆ. ಸಾವಿರಾರು ಉಂಗುರಗಳು ಹೀಗೆ ಸೇರಿದರೆ ಪಾಲಿಮರ್.

ಉಂಗುರ ಸುಮ್ಮನೆ ಏಕೆ ಬಿಚ್ಚಬೇಕು? ಬಿದಿರಿನ ಸೀಳನ್ನು ಬಗ್ಗಿಸಿ ಬುಟ್ಟಿಯ ಬಾಯಿ ಕಟ್ಟುವುದನ್ನು ನೋಡಿದ್ದೀರಿ. ಬಳೆ ಚಿಕ್ಕದಾದಷ್ಟೂ ಬಿದಿರು ಹೆಚ್ಚು ಬಿಗಿಯುತ್ತದೆ, ಕೈ ಬಿಟ್ಟರೆ ಚಟ್ಟನೆ ನೆಟ್ಟಗಾಗುತ್ತದೆ. ಅಣುವಿನ ಉಂಗುರದಲ್ಲೂ ಇಂಥ ಬಿಗಿತವಿದೆ, ಅದನ್ನು ಅಳೆದಿದ್ದಾರೆ. ಎಥಿಲೀನ್ ಆಕ್ಸೈಡಿನಲ್ಲಿ ಒಂದು ಮೋಲಿಗೆ ಸುಮಾರು 114 ಕಿಲೋಜೂಲ್, ಆಕ್ಸಿಟೇನಿನಲ್ಲಿ ಸುಮಾರು 107, ಟಿ.ಎಚ್.ಎಫ್.ನಲ್ಲಿ ಬರೀ 23. ಆರು ಪರಮಾಣುಗಳ ಟೆಟ್ರಾಹೈಡ್ರೋಪೈರಾನಿನಲ್ಲಿ ಬಿಗಿತ ಇಲ್ಲವೆಂದೇ ಹೇಳಬಹುದು, ಆದ್ದರಿಂದ ಅದು ಸರಪಳಿಯಾಗಲು ಒಪ್ಪುವುದೇ ಇಲ್ಲ.

ಎರಡನೆಯ ಪದ ‘ಧನ ಅಯಾನು’. ಉಂಗುರ ಬಿಚ್ಚಲು ಯಾರಾದರೂ ಮೊದಲು ಕೈ ಹಾಕಬೇಕು. ಬೋರಾನ್ ಟ್ರೈಫ್ಲೋರೈಡಿನಂಥ ಆಮ್ಲಸ್ವಭಾವದ ವಸ್ತು ಆ ಕೆಲಸ ಮಾಡುತ್ತದೆ. ಅದರಿಂದ ಹುಟ್ಟುವ ಧನ ವಿದ್ಯುದಂಶ ಉಂಗುರದ ಆಮ್ಲಜನಕದ ಮೇಲೆ ಕೂರುತ್ತದೆ. ಈಗ ಆ ಆಮ್ಲಜನಕಕ್ಕೆ ಎರಡರ ಬದಲು ಮೂರು ಬಂಧ; ಇದಕ್ಕೆ ಆಕ್ಸೋನಿಯಂ ಎಂದು ಹೆಸರು. ಭಾರ ಹೆಚ್ಚಾದ ಆಮ್ಲಜನಕ ಪಕ್ಕದ ಇಂಗಾಲದ ಕೈ ಬಿಡಲು ಕಾಯುತ್ತಿರುತ್ತದೆ. ಆಗ ಇನ್ನೊಂದು ಉಂಗುರದ ಆಮ್ಲಜನಕ ಹಿಂಬದಿಯಿಂದ ಬಂದು ಆ ಇಂಗಾಲವನ್ನು ಹಿಡಿಯುತ್ತದೆ. ಹಳೆಯ ಉಂಗುರ ಬಿಚ್ಚುತ್ತದೆ, ಧನ ವಿದ್ಯುದಂಶ ಹೊಸ ಉಂಗುರಕ್ಕೆ ವರ್ಗಾವಣೆಯಾಗುತ್ತದೆ. ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋದ ಹಾಗೆ. ಟಿ.ಎಚ್.ಎಫ್. ಹೀಗೆ ಸರಪಳಿಯಾಗುವುದನ್ನು ಜರ್ಮನಿಯ ಹ್ಯಾನ್ಸ್ ಮೇರ್‌ವೈನ್ 1930ರ ದಶಕದಲ್ಲಿ ತೋರಿಸಿಕೊಟ್ಟರು. ಇಂದು ನಿಮ್ಮ ಕಾಲುಚೀಲ, ಲೆಗ್ಗಿಂಗ್ಸ್ ಹಿಗ್ಗಿ ಕುಗ್ಗುವುದಕ್ಕೆ ಕಾರಣವಾದ ಸ್ಪ್ಯಾಂಡೆಕ್ಸ್ ನೂಲಿನ ಮೆತ್ತನೆಯ ಭಾಗ ಸಾಮಾನ್ಯವಾಗಿ ಇದೇ ಸರಪಳಿ.

ಇನ್ನು ‘ವೇಗ’. ಎರಡನೇ ಪಿ.ಯು.ಸಿ.ಯಲ್ಲಿ ಇದಕ್ಕೊಂದು ಇಡೀ ಅಧ್ಯಾಯವಿದೆ. ಮಕ್ಕಳು ಸೂತ್ರ ಉರುಹೊಡೆದು ಲೆಕ್ಕ ಮಾಡಿ ಅಂಕ ತರುತ್ತಾರೆ, ಪರೀಕ್ಷೆಯ ಮರುದಿನ ಮರೆಯುತ್ತಾರೆ. ಈ ಕ್ರಿಯೆಯಲ್ಲಾದರೂ ಅದರ ಅರ್ಥ ಕಣ್ಣಿಗೆ ಕಟ್ಟುತ್ತದೆಯೇ ನೋಡೋಣ. ಇದು ಎರಡೂ ಕಡೆ ವಾಹನ ಓಡುವ ರಸ್ತೆ. ಸರಪಳಿಯ ತುದಿಗೆ ಉಂಗುರ ಸೇರುತ್ತದೆ; ಅದೇ ತುದಿಯಿಂದ ಉಂಗುರ ಕಳಚಿಯೂ ಬೀಳುತ್ತದೆ. ಒಂದು ಲೀಟರಿನಲ್ಲಿ 12 ಮೋಲ್ ಉಂಗುರಗಳಿವೆ ಅಂದುಕೊಳ್ಳಿ. ಆ ಉಷ್ಣತೆಯಲ್ಲಿ 4 ಮೋಲ್ ಉಳಿದಾಗ ಸೇರುವುದೂ ಕಳಚುವುದೂ ಸಮವಾಗುತ್ತದೆ ಅಂದುಕೊಳ್ಳಿ. ಆಗ ವೇಗವನ್ನು ನಿರ್ಧರಿಸುವುದು 12 ಅಲ್ಲ, 12ರಲ್ಲಿ 4 ಕಳೆದ 8. ಇದನ್ನು ಜೀವಂತ ತುದಿಗಳ ಸಂಖ್ಯೆಯಿಂದಲೂ ಒಂದು ಸ್ಥಿರಾಂಕದಿಂದಲೂ ಗುಣಿಸಿದರೆ ವೇಗ ಸಿಕ್ಕಿತು. ಬಿಸಿ ಏರಿಸಿದಂತೆ ಆ 4 ಹೆಚ್ಚುತ್ತಾ ಹೋಗುತ್ತದೆ. ಟಿ.ಎಚ್.ಎಫ್.ನಲ್ಲಿ ಸುಮಾರು 84 ಡಿಗ್ರಿ ಸೆಲ್ಸಿಯಸ್ ತಲುಪಿದರೆ ಅದು 12ನ್ನೇ ಮುಟ್ಟುತ್ತದೆ. ಅಲ್ಲಿಂದ ಮೇಲೆ ಎಷ್ಟು ಆಮ್ಲ ಸುರಿದರೂ ಅದೊಂದರಿಂದಲೇ ಸರಪಳಿ ಕಟ್ಟಲಾಗದು.

‘ಜೀವಂತ ತುದಿಗಳ ಸಂಖ್ಯೆ’ ಎಂದೆ. ಕಣ್ಣಿಗೆ ಕಾಣದ್ದನ್ನು ಎಣಿಸುವುದು ಹೇಗೆ? ಜಪಾನಿನ ಕ್ಯೋಟೋದ ತಾಕೆಯೊ ಸೇಗುಸಾ 1960ರ ದಶಕದಲ್ಲಿ ಚೆಂದದ ಉಪಾಯ ಹೂಡಿದರು. ಓಡುತ್ತಿರುವ ಕ್ರಿಯೆಗೆ ಸೋಡಿಯಂ ಫಿನಾಕ್ಸೈಡ್ ಹಾಕಿದರು. ಅದು ಪ್ರತಿಯೊಂದು ಜೀವಂತ ತುದಿಗೂ ಅಂಟಿಕೊಂಡು ಅದನ್ನು ನಿಲ್ಲಿಸುತ್ತದೆ. ಫೀನೈಲ್ ಗುಂಪು ನೇರಳಾತೀತ ಬೆಳಕನ್ನು ಹೀರುತ್ತದೆ. ಎಷ್ಟು ಬೆಳಕು ಹೀರಿತೆಂದು ಅಳೆದರೆ ಎಷ್ಟು ತುದಿಗಳಿದ್ದವೆಂದು ತಿಳಿಯುತ್ತದೆ. ಮದುವೆ ಮನೆಯಲ್ಲಿ ಊಟದ ಎಲೆ ಎಣಿಸಿ ಜನ ಎಷ್ಟೆಂದು ಹೇಳುವ ಹಾಗೆ.

ಈಗ ಮುಖ್ಯ ವಿಷಯಕ್ಕೆ, ಅಂದರೆ ‘ಸಹ’ ಎಂಬ ಪುಟ್ಟ ಉಪಸರ್ಗಕ್ಕೆ ಬರುತ್ತೇನೆ. ಎರಡು ಬಗೆಯ ಉಂಗುರಗಳನ್ನು ಸೇರಿಸಿ ಒಂದೇ ಸರಪಳಿ ಕಟ್ಟುವುದೇ ಸಹಪಾಲಿಮರೀಕರಣ. ಹಾಗೇಕೆ ಮಾಡಬೇಕು ಎಂಬುದಕ್ಕೆ ನಾನು ಆರಿಸಿಕೊಂಡ ಉದಾಹರಣೆ ಅಸಿಟಾಲ್ ಪ್ಲಾಸ್ಟಿಕ್. ಚೀಲದ ಮೇಲೆ ‘ಪಿ.ಒ.ಎಂ.’ ಎಂದಿರುತ್ತದೆ. ಕಾರ್ಖಾನೆಗಳಲ್ಲಿ ಯಾರ ಕಂಪನಿಯದ್ದಾದರೂ ‘ಡೆಲ್ರಿನ್’ ಎನ್ನುವವರೇ ಹೆಚ್ಚು. ಪ್ರಿಂಟರಿನ ಒಳಗಿನ ಬಿಳಿ ಹಲ್ಲುಚಕ್ರ, ಬೆಲ್ಟಿನ ಬಕಲ್, ಜಾಕೆಟಿನ ದಪ್ಪ ಹಲ್ಲಿನ ಜಿಪ್ ಇದರಿಂದ ಆಗುತ್ತವೆ. ಗಟ್ಟಿ, ನುಣುಪು, ಸವೆಯುವುದು ಕಡಿಮೆ.

ಇದರ ಮೂಲ ಫಾರ್ಮಾಲ್ಡಿಹೈಡ್. ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ಕಪ್ಪೆ ಮುಳುಗಿಸಿಟ್ಟ ಜಾಡಿಯ ಕಣ್ಣುರಿಸುವ ವಾಸನೆ ನೆನಪಿದೆಯಲ್ಲ, ಅದೇ. ಮೂರು ಫಾರ್ಮಾಲ್ಡಿಹೈಡ್ ಅಣುಗಳು ಸೇರಿ ದುಂಡಗೆ ಕುಳಿತರೆ ಟ್ರೈಆಕ್ಸೇನ್ ಎಂಬ ಉಂಗುರ. ಕಟ್ಟುನಿಟ್ಟಾಗಿ ಹೇಳಿದರೆ ಇದು ಚಕ್ರೀಯ ಅಸಿಟಾಲ್, ಈಥರುಗಳ ದಾಯಾದಿ. ಅದನ್ನು ಬಿಚ್ಚಿದರೆ ಇಂಗಾಲ, ಆಮ್ಲಜನಕ, ಇಂಗಾಲ, ಆಮ್ಲಜನಕ ಎಂದು ಸಾಗುವ ಸರಪಳಿ. 1920ರ ದಶಕದಲ್ಲೇ ಹರ್ಮನ್ ಸ್ಟಾಡಿಂಗರ್ ಈ ಸರಪಳಿಯನ್ನು ವಿವರವಾಗಿ ಅಭ್ಯಾಸ ಮಾಡಿದ್ದರು. ಪಾಲಿಮರುಗಳೆಂದರೆ ನಿಜಕ್ಕೂ ಉದ್ದನೆಯ ಅಣುಗಳು ಎಂದು ಹಟ ಹಿಡಿದು ವಾದಿಸಿದವರು ಅವರು. ಮನ್ನಣೆಯಾಗಿ ನೊಬೆಲ್ ಬಂದದ್ದು 1953ರಲ್ಲಿ. ಆದರೆ ಅವರ ಕಾಲದಲ್ಲಿ ಈ ವಸ್ತು ಬಳಕೆಗೆ ಬರಲಿಲ್ಲ. ಬಿಸಿ ಮಾಡಿದರೆ ಕರಗಿ ಅಚ್ಚಿಗೆ ಇಳಿಯುವ ಬದಲು ಗಾಳಿಯಾಗಿ ಹೋಗುತ್ತಿತ್ತು.

ಅಕ್ಕಿ ಮೂಟೆಯ ಬಾಯಿಯ ಹೊಲಿಗೆ ನೋಡಿದ್ದೀರಲ್ಲ? ದಾರದ ಸರಿಯಾದ ತುದಿ ಸಿಕ್ಕಿದರೆ ಒಂದೇ ಎಳೆತಕ್ಕೆ ಸರ್ರನೆ ಪೂರಾ ಬಿಚ್ಚಿಕೊಳ್ಳುತ್ತದೆ. ಈ ಸರಪಳಿಯದ್ದೂ ಅದೇ ಹಣೆಬರಹ. ತುದಿಯಿಂದ ಒಂದು ಫಾರ್ಮಾಲ್ಡಿಹೈಡ್ ಕಳಚಿತೆಂದರೆ ಅದರ ಹಿಂದಿನದು, ಅದರ ಹಿಂದಿನದು, ಹೀಗೆ ಕೊನೆಯವರೆಗೆ. ವಿಜ್ಞಾನಿಗಳು ಇದಕ್ಕೆ ಜಿಪ್ ಬಿಚ್ಚುವುದು ಎನ್ನುತ್ತಾರೆ. ಜಿಪ್ ಆಗುವ ವಸ್ತುವೇ ಜಿಪ್ಪಿನಂತೆ ಬಿಚ್ಚುತ್ತದೆ!

ಬಿಚ್ಚದಂತೆ ಮಾಡಲು ಎರಡು ದಾರಿ. ತುದಿಗೆ ಗಂಟು ಹಾಕುವುದು ಒಂದು. ಅಮೆರಿಕದ ಡ್ಯುಪಾಂಟ್ ಕಂಪನಿ ಸರಪಳಿಯ ಎರಡೂ ತುದಿಗಳನ್ನು ಅಸಿಟಿಕ್ ಅನ್‌ಹೈಡ್ರೈಡಿನಿಂದ ಮುಚ್ಚಿ 1960ರಲ್ಲಿ ಡೆಲ್ರಿನನ್ನು ಮಾರುಕಟ್ಟೆಗೆ ತಂದಿತು. ಆದರೆ ಹೊಲಿಗೆ ನಡುವೆ ಹರಿದರೆ ತುದಿಯ ಗಂಟಿನಿಂದ ಏನು ಪ್ರಯೋಜನ? ಎರಡನೆಯ ದಾರಿ ಸೆಲನೀಸ್ ಕಂಪನಿಯದು. ವಾಲಿಂಗ್, ಬ್ರೌನ್, ಬಾರ್ಟ್ಜ್ ಎಂಬ ಮೂವರ ಹೆಸರಿನಲ್ಲಿ 1962ರಲ್ಲಿ ಬಂದ ಪೇಟೆಂಟಿನಲ್ಲಿ ಅದು ದಾಖಲಾಗಿದೆ. ಟ್ರೈಆಕ್ಸೇನಿನ ಜೊತೆಗೆ ನೂರಕ್ಕೆ ಎರಡು ಮೂರು ಪಾಲಿನಷ್ಟು ಎಥಿಲೀನ್ ಆಕ್ಸೈಡ್ ಸೇರಿಸಿ ಬಿಚ್ಚುವುದು. ಈಗ ಸರಪಳಿಯಲ್ಲಿ ಅಲ್ಲಲ್ಲಿ ಎರಡು ಇಂಗಾಲಗಳು ನೇರವಾಗಿ ಕೈ ಹಿಡಿದಿರುವ ಕೊಂಡಿ ಬರುತ್ತದೆ. ಕಳಚುತ್ತಾ ಬಂದ ತುದಿ ಅಲ್ಲಿಗೆ ತಲುಪಿ ನಿಲ್ಲುತ್ತದೆ. ಹೊಲಿಗೆಯ ನಡುನಡುವೆ ಹಾಕಿದ ಗಂಟು.

ಇಲ್ಲಿ ವೇಗದ ಪ್ರಶ್ನೆ ಬರುತ್ತದೆ. ನೂರಕ್ಕೆ ಎರಡು ಗಂಟು ಹಾಕಿದೆವು ಸರಿ. ಆ ಗಂಟುಗಳೆಲ್ಲ ಒಂದೇ ಕಡೆ ಗುಂಪಾದರೆ? ಎರಡು ಕೊಂಡಿ ಸರಾಸರಿ ಐವತ್ತಕ್ಕೊಂದರಂತೆ ಹಂಚಿ ಕುಳಿತರೆ ಲಾಭ. ಎಲ್ಲ ಒಂದು ಮೂಲೆಯಲ್ಲಿ ಕುಳಿತು ಉಳಿದ ಸಾವಿರ ಕೊಂಡಿಗೆ ಕಾವಲೇ ಇಲ್ಲದಿದ್ದರೆ ದುಡ್ಡು ದಂಡ. ಯಾವ ಉಂಗುರ ಯಾವಾಗ ಒಳಬರುತ್ತದೆ ಎಂಬುದು ವೇಗಗಳ ಸ್ಪರ್ಧೆಯಿಂದ ತೀರ್ಮಾನವಾಗುತ್ತದೆ. 1944ರಲ್ಲಿ ಮೇಯೊ ಮತ್ತು ಲೂಯಿಸ್ ಇದಕ್ಕೊಂದು ಸಮೀಕರಣ ಕೊಟ್ಟರು. ತುದಿಗಳು ಎರಡು ಬಗೆ, ಬರುವ ಉಂಗುರಗಳು ಎರಡು ಬಗೆ; ಆದ್ದರಿಂದ ನಾಲ್ಕು ವೇಗ ಸ್ಥಿರಾಂಕಗಳು. ತನ್ನ ಜಾತಿಯ ಉಂಗುರವನ್ನು ತುದಿ ಎಷ್ಟು ಬಯಸುತ್ತದೆ, ಪರಜಾತಿಯದನ್ನು ಎಷ್ಟು ಬಯಸುತ್ತದೆ ಎಂಬ ಅನುಪಾತ ಸಿಕ್ಕರೆ ಸರಪಳಿಯ ರಚನೆ ಹೇಳಬಹುದು. ಸುಂದರ ಲೆಕ್ಕ. ಆದರೆ ಒಮ್ಮೆ ಸೇರಿದ್ದು ಕಳಚುವುದಿಲ್ಲ ಎಂಬ ಊಹೆಯ ಮೇಲೆ ನಿಂತಿದೆ. ನಮ್ಮ ರಸ್ತೆಯಲ್ಲಿ ಎರಡೂ ಕಡೆ ಸಂಚಾರವಿದೆಯಲ್ಲ! ಕಳಚುವುದನ್ನೂ ಲೆಕ್ಕಕ್ಕೆ ಹಿಡಿದ ಸಮೀಕರಣಗಳನ್ನು ಲೌರಿ ಎಂಬವರು 1960ರಲ್ಲಿ ಪ್ರಕಟಿಸಿದರು.

ಇನ್ನೊಂದು ಸ್ವಾರಸ್ಯ ನೋಡಿ. ಬಿಗಿತ ಹೆಚ್ಚಿರುವ ಉಂಗುರವೇ ಸ್ಪರ್ಧೆಯಲ್ಲಿ ಮೊದಲು ಬರುತ್ತದೆ ಎಂದು ನಾವು ಊಹಿಸುತ್ತೇವೆ. ಹಾಗೇನಿಲ್ಲ. ಧನ ತುದಿಗೆ ಬೇಕಾದದ್ದು ಇಲೆಕ್ಟ್ರಾನು ಕೊಡುವ ಆಮ್ಲಜನಕ. ಕೊಡುವ ಕೈ ಉದಾರವಾದಷ್ಟೂ, ಅಂದರೆ ಉಂಗುರ ಪ್ರತ್ಯಾಮ್ಲೀಯವಾದಷ್ಟೂ, ಪ್ರವೇಶ ಬೇಗ. ಈ ಲೆಕ್ಕದಲ್ಲಿ ಬಿಗಿತ ಕಡಿಮೆಯಿರುವ ಟಿ.ಎಚ್.ಎಫ್. ಎಥಿಲೀನ್ ಆಕ್ಸೈಡಿಗಿಂತ ಉದಾರಿ. ಟ್ರೈಆಕ್ಸೇನ್ ಇವರೆಲ್ಲರಿಗಿಂತ ಜಿಪುಣ. ಆದ್ದರಿಂದ ಟ್ರೈಆಕ್ಸೇನಿನ ಜೊತೆ ಹಾಕಿದ ಸ್ವಲ್ಪ ಎಥಿಲೀನ್ ಆಕ್ಸೈಡ್ ಮೊದಮೊದಲೇ ಖರ್ಚಾಗಿಬಿಡುತ್ತದೆ. ಹಾಗಾದರೆ ಗಂಟುಗಳೆಲ್ಲ ಆರಂಭದಲ್ಲೇ ಗುಂಪಾಗಬೇಕಿತ್ತು. ಆಗುವುದಿಲ್ಲ. ಏಕೆಂದು ನೋಡೋಣ.

ಟ್ರೈಆಕ್ಸೇನಿಗೆ ಆಮ್ಲ ಹಾಕಿದ ಕೂಡಲೇ ಏನೂ ಆದಂತೆ ಕಾಣುವುದಿಲ್ಲ. ಗಡಿಯಾರ ಓಡುತ್ತದೆ, ದ್ರವ ತಿಳಿಯಾಗಿಯೇ ಇರುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಬೆಳ್ಳಗೆ ಕದಡಿ ಗಟ್ಟಿಯಾಗತೊಡಗುತ್ತದೆ. ಈ ಕಾಯುವ ಹೊತ್ತಿನ ಗುಟ್ಟನ್ನು 1960ರಲ್ಲಿ ಜರ್ಮನಿಯ ಕೆರ್ನ್ ಮತ್ತು ಯಾಕ್ಸ್ ವಿವರಿಸಿದರು. ಉಂಗುರ ಬಿಚ್ಚಿದ ತುದಿ ಬೆಳೆಯುವ ಬದಲು ಫಾರ್ಮಾಲ್ಡಿಹೈಡನ್ನು ಉದುರಿಸುತ್ತಿರುತ್ತದೆ. ದ್ರವದಲ್ಲಿ ಫಾರ್ಮಾಲ್ಡಿಹೈಡ್ ಸಮತೋಲದ ಮಟ್ಟಕ್ಕೆ ತುಂಬುವವರೆಗೆ ಉದ್ದದ ಸರಪಳಿ ನಿಲ್ಲುವುದಿಲ್ಲ. ಮೊದಲೇ ಸ್ವಲ್ಪ ಫಾರ್ಮಾಲ್ಡಿಹೈಡ್ ಬೆರೆಸಿದರೆ ಕಾಯುವ ಹೊತ್ತು ಕಡಿಮೆಯಾಗುತ್ತದೆ. ತೂತು ಬಿಂದಿಗೆಯನ್ನು ಕೆರೆಯಲ್ಲಿ ಮುಳುಗಿಸಿದ ಹಾಗೆ, ಹೊರಗೂ ಒಳಗೂ ನೀರು ಸಮವಾದ ಮೇಲೆ ಸೋರುವ ಮಾತಿಲ್ಲ.

ಈ ಕಾಯುವ ಹೊತ್ತಿನಲ್ಲಿ ಎಥಿಲೀನ್ ಆಕ್ಸೈಡ್ ಸುಮ್ಮನಿರುವುದಿಲ್ಲ. ಉದುರಿದ ಫಾರ್ಮಾಲ್ಡಿಹೈಡನ್ನು ಜೊತೆ ಮಾಡಿಕೊಂಡು ಹೊಸ ಉಂಗುರ ಕಟ್ಟುತ್ತದೆ. ಒಂದು ಸೇರಿದರೆ ಐದರ ಉಂಗುರ ಡೈಆಕ್ಸೊಲೇನ್, ಎರಡು ಸೇರಿದರೆ ಏಳರ ಉಂಗುರ ಟ್ರೈಆಕ್ಸೆಪೇನ್. ಇವು ಮತ್ತೆ ಬಿಚ್ಚಿ ಸರಪಳಿಗೆ ಸೇರುತ್ತವೆ. ಹೀಗಾಗಿ ಗಂಟಿನ ಪಕ್ಕದಲ್ಲೇ ಗಂಟು ಬರುವುದು ತಪ್ಪುತ್ತದೆ. ಇನ್ನೂ ಮಿಕ್ಕ ಅಸಮಾನತೆಯನ್ನು ಸರಿಪಡಿಸುವುದು ಅದೇ ಧನ ತುದಿ. ಅದು ಹೊಸ ಉಂಗುರವನ್ನೇ ಹಿಡಿಯಬೇಕೆಂದಿಲ್ಲ, ಇನ್ನೊಂದು ಸರಪಳಿಯ ನಡುವಿನ ಆಮ್ಲಜನಕವನ್ನೂ ಹಿಡಿಯುತ್ತದೆ. ಆ ಸರಪಳಿ ಅಲ್ಲಿ ತುಂಡಾಗಿ ಒಂದು ತುಂಡು ಇಲ್ಲಿಗೆ ಅಂಟುತ್ತದೆ, ಇನ್ನೊಂದು ತುಂಡು ಹೊಸ ಧನ ತುದಿಯಾಗಿ ಮತ್ತೊಂದರ ಮೇಲೆ ಬೀಳುತ್ತದೆ. ಇಸ್ಪೀಟು ಎಲೆ ಕಲಸಿದಂತೆ ಗಂಟುಗಳು ಎಲ್ಲ ಸರಪಳಿಗಳಿಗೂ ಹಂಚಿಹೋಗುತ್ತವೆ. ಒಳಬರುವ ವೇಗದಲ್ಲಿ ಆದ ಅನ್ಯಾಯವನ್ನು ಅದಲುಬದಲಿನ ವೇಗ ಸರಿದೂಗಿಸುತ್ತದೆ.

ಕೊನೆಗೆ ಕೊಂಡಿಗಳನ್ನು ಕಟ್ಟಿದ ಆಮ್ಲವನ್ನು ಕೊಲ್ಲಲೇಬೇಕು. ಟ್ರೈಎಥಿಲಮೀನಿನಂಥ ಪ್ರತ್ಯಾಮ್ಲ ಹಾಕಿ ಅದನ್ನು ತಟಸ್ಥಗೊಳಿಸುತ್ತಾರೆ. ಆಮೇಲೆ ಬಿಸಿ ಮಾಡಿ ಪ್ರತಿ ತುದಿಯನ್ನೂ ಮೊದಲ ಗಂಟಿನವರೆಗೆ ಬೇಕೆಂದೇ ಬಿಚ್ಚಿಸಿಬಿಡುತ್ತಾರೆ. ಆಮ್ಲ ಉಳಿದರೆ? ಕಟ್ಟಿದ ಕೈಯೇ ಕೆಡವುತ್ತದೆ. ಅಚ್ಚಿಗೆ ಹೊಯ್ಯುವ ಬಿಸಿಯಲ್ಲಿ ರಸ್ತೆಯ ಸಂಚಾರ ಹಿಂದಕ್ಕೇ ಹೆಚ್ಚು.

ಯಂತ್ರದ ಮುಂದೆ ನಿಲ್ಲುವ ತಮ್ಮಂದಿರು ಈ ಭಾಗವನ್ನು ಗಮನವಿಟ್ಟು ಕೇಳಬೇಕು. ಅಸಿಟಾಲ್ ದಾನಾವನ್ನು ಸುಮಾರು 200 ಡಿಗ್ರಿಯಲ್ಲಿ ಕರಗಿಸಿ ಅಚ್ಚಿಗೆ ತಳ್ಳುತ್ತೀರಿ. ಅದೇ ಬ್ಯಾರೆಲ್ಲಿನಲ್ಲಿ ಹಿಂದಿನ ಪಾಳಿಯ ಪಿ.ವಿ.ಸಿ. ಉಳಿದಿದ್ದರೆ, ಅಥವಾ ಹಾಪರಿನಲ್ಲಿ ಎರಡೂ ದಾನಾ ಬೆರೆತಿದ್ದರೆ, ಬಿಸಿಗೆ ಪಿ.ವಿ.ಸಿ. ಹೈಡ್ರೋಜನ್ ಕ್ಲೋರೈಡ್ ಬಿಡುತ್ತದೆ. ಅದು ಆಮ್ಲ. ಅದು ಸರಪಳಿಯನ್ನು ತುದಿಯಲ್ಲಿ ಮಾತ್ರವಲ್ಲ, ನಡುವೆ ಎಲ್ಲೆಂದರಲ್ಲಿ ಕತ್ತರಿಸುತ್ತದೆ. ಗಂಟು ಗಂಟಿನ ನಡುವೆ ಒಂದೊಂದು ಕತ್ತರಿ ಬಿದ್ದರೆ ಗಂಟು ಯಾರನ್ನು ಕಾಯುತ್ತದೆ? ಮುಚ್ಚಿದ ಬ್ಯಾರೆಲ್ಲಿನೊಳಗೆ ಗಟ್ಟಿ ವಸ್ತು ಕ್ಷಣಗಳಲ್ಲಿ ಫಾರ್ಮಾಲ್ಡಿಹೈಡ್ ಅನಿಲವಾಗುತ್ತದೆ. ಒತ್ತಡ ನಾಜಲ್ಲಿನಿಂದಲೋ ಹಾಪರಿನಿಂದಲೋ ಕರಗಿದ ಪ್ಲಾಸ್ಟಿಕ್ಕನ್ನು ಚಿಮ್ಮಿಸುತ್ತದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೆಲಸ ಮಾಡುತ್ತಿದ್ದ ಘಟಕದಲ್ಲಿ ‘ಡೆಲ್ರಿನ್ ಆದ ಮೇಲೆ ಪಿ.ವಿ.ಸಿ. ಹಾಕಬೇಡ’ ಎಂದು ಮೇಸ್ತ್ರಿ ಹೇಳಿದ್ದರಂತೆ. ‘ಬಣ್ಣ ಕೆಡುತ್ತದೆ ಅಂತ ಅಂದುಕೊಂಡಿದ್ದೆ ಸಾರ್’ ಎಂದ ಅವನು. ಬಣ್ಣ ಕೆಡುವುದೆಂದು ತಿಳಿದವನು ಅವಸರದ ದಿನ ನಿಯಮ ಮುರಿಯುತ್ತಾನೆ. ಕಾರಣ ಗೊತ್ತಿದ್ದವನು ಮುರಿಯುವ ಮೊದಲು ಎರಡು ಸಲ ಯೋಚಿಸುತ್ತಾನೆ.

ಆದ್ದರಿಂದ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಪಾಲಿಥೀನ್ ಹಾಕಿ ಬ್ಯಾರೆಲ್ ಪೂರ್ತಿ ತೊಳೆಯಿರಿ. ಕರಗಿದ ಅಸಿಟಾಲನ್ನು ಬಿಸಿ ಬ್ಯಾರೆಲ್ಲಿನಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ. ಕಣ್ಣುರಿಸುವ ವಾಸನೆ ಬಂದರೆ ನಾಜಲ್ಲಿನ ಎದುರು ನಿಲ್ಲಬೇಡಿ, ಹೀಟರ್ ಇಳಿಸಿ, ಜನರನ್ನು ದೂರ ಕಳಿಸಿ, ಹೊರಬಂದ ಮುದ್ದೆಯನ್ನು ನೀರಿಗೆ ಹಾಕಿ. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ತಜ್ಞರು 2004ರಲ್ಲೇ ತೀರ್ಮಾನಿಸಿದ್ದಾರೆ. ‘ವಾಸನೆ ಅಷ್ಟೇ’ ಎಂದು ಅಸಡ್ಡೆ ಮಾಡುವಂಥದ್ದಲ್ಲ.

ಗಂಟು ಹಾಕಿದ ಸರಪಳಿಗೂ ಶತ್ರುಗಳಿದ್ದಾರೆ ಎಂಬುದಕ್ಕೆ ಅಮೆರಿಕದ ನಲ್ಲಿಗಳೇ ಸಾಕ್ಷಿ. ಅಲ್ಲಿ ಪಾಲಿಬ್ಯುಟಿಲೀನ್ ಕೊಳವೆಗಳಿಗೆ ಅಸಿಟಾಲ್ ಜೋಡಣೆಗಳನ್ನು ಲಕ್ಷಾಂತರ ಮನೆಗಳಲ್ಲಿ ಹಾಕಿದ್ದರು. ನೀರು ಶುದ್ಧ ಮಾಡಲು ಬೆರೆಸಿದ ಕ್ಲೋರಿನ್ ವರ್ಷಗಟ್ಟಲೆ ಅವನ್ನು ಕೊರೆದು ಬಿರುಕು ಬಿಡಿಸಿತು. 1995ರಲ್ಲಿ ತಯಾರಕ ಕಂಪನಿಗಳು ಸುಮಾರು 95 ಕೋಟಿ ಡಾಲರುಗಳ ಪರಿಹಾರಕ್ಕೆ ಒಪ್ಪಬೇಕಾಯಿತು.

ಎಸ್.ಎಸ್.ಎಲ್.ಸಿ. ಮುಗಿಸಿ ಈ ದಾರಿಯಲ್ಲೇ ಹೋಗಬೇಕೆನ್ನುವವರಿಗೆ ಒಂದು ಮಾತು. ಕೇಂದ್ರ ಸರ್ಕಾರದ ‘ಸಿಪೆಟ್’ ಸಂಸ್ಥೆಯ ಕೇಂದ್ರ ನಮ್ಮ ಮೈಸೂರಿನಲ್ಲೇ ಇದೆ. ಹತ್ತನೇ ತರಗತಿಯ ನಂತರ ಪ್ಲಾಸ್ಟಿಕ್ ತಂತ್ರಜ್ಞಾನದಲ್ಲಿ ಮೂರು ವರ್ಷದ ಡಿಪ್ಲೊಮಾ ಸಿಗುತ್ತದೆ. ದಾನಾ ಸುರಿಯುವ ಕೆಲಸಕ್ಕೂ ಅಚ್ಚು ವಿನ್ಯಾಸ ಮಾಡುವ ಕೆಲಸಕ್ಕೂ ಇರುವ ಸಂಬಳದ ಅಂತರ ನಾನು ಹೇಳಬೇಕಾಗಿಲ್ಲ.

ಚಿಕ್ಕ ಮಕ್ಕಳು ಆಗಲೇ ತಮ್ಮ ಚೀಲದ ಜಿಪ್ ನೋಡಿಕೊಳ್ಳುತ್ತಿದ್ದಾರೆ. ಸುರುಳಿ ದಾರದಂತೆ ಸಣ್ಣ ಹಲ್ಲಿದ್ದರೆ ಅದು ನೈಲಾನ್ ಅಥವಾ ಪಾಲಿಯೆಸ್ಟರ್. ಒಂದೊಂದಾಗಿ ಅಚ್ಚು ಹೊಯ್ದ ದಪ್ಪ ಹಲ್ಲಾದರೆ ಅಸಿಟಾಲ್ ಆಗಿರುವ ಸಾಧ್ಯತೆ ಹೆಚ್ಚು. ಪರೀಕ್ಷಿಸಲೆಂದು ಬೆಂಕಿ ಮಾತ್ರ ಹಚ್ಚಬೇಡಿ. ಅಸಿಟಾಲಿನ ನೀಲಿ ಜ್ವಾಲೆ ಹಗಲು ಬೆಳಕಿನಲ್ಲಿ ಕಣ್ಣಿಗೇ ಬೀಳುವುದಿಲ್ಲ, ಕೈ ಸುಟ್ಟ ಮೇಲೆಯೇ ತಿಳಿಯುವುದು. ಮುರಿದ ಹಲ್ಲೊಂದನ್ನು ಲೋಟದ ನೀರಿಗೆ ಹಾಕಿ, ಗುಳ್ಳೆ ಅಂಟದಂತೆ ಕಡ್ಡಿಯಿಂದ ಅದ್ದಿ ನೋಡಿ. ತೇಲಿದರೆ ಅದು ಅಸಿಟಾಲ್ ಅಲ್ಲ. ಮುಳುಗಿದರೆ ಇರಬಹುದು, ನೈಲಾನೂ ಪಿ.ವಿ.ಸಿ.ಯೂ ಮುಳುಗುತ್ತವೆ.